ಡಬ್ಬಿಗಳ ರುಚಿ ನೋಡಿದ ಹೆಡ್‌ಮೇಡಂ

ನನ್ನ ಅಕ್ಕ ಮಕ್ಕಳ ಊಟ ಕಸಿದು ತಿಂದವಳು! ಗಾಬರಿಯಾಗಬೇಡಿ; ಗಾಬರಿಯಾಗುವ ಗುತ್ತಿಗೆ ನಮ್ಮ ಮನೆಯಲ್ಲಿ ನನಗೊಬ್ಬನಿಗೇ.

ಅಕ್ಕ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೆಡ್‌ಮೇಡಂ. ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆಯಲ್ಲ, ಅದನ್ನು ಇವಳಷ್ಟು ಭಕ್ತಿಯಿಂದ ಪಾಲಿಸಿದವರಿಲ್ಲ. ರುಚಿಗೆ ಒಂದು ತಟ್ಟೆ ಅನ್ನ ಬೇಕು. ಅನುಮಾನ ಬಂದರೆ ಇನ್ನೊಂದು!

ಹೋದ ವರ್ಷ ಅಡುಗೆಗೆ ಹೊಸ ಹೆಂಗಸು ಬಂದಳು. ದಲಿತರ ಕೇರಿಯವಳು, ಬೌದ್ಧಮತಕ್ಕೆ ಸೇರಿದ ಮನೆ. ಮಾರನೆಯ ದಿನವೇ ಮೇಲಿನ ಬೀದಿಯ ಒಕ್ಕಲು ಮಕ್ಕಳ ಚೀಲಗಳಲ್ಲಿ ಮನೆಯ ಡಬ್ಬಿಗಳು ಕಾಣಿಸಿಕೊಂಡವು. ಯಾಕೆಂದು ಬಿಡಿಸಿ ಹೇಳಬೇಕೆ? ನಾನಾಗಿದ್ದರೆ ಬಿ.ಪಿ. ಮಾತ್ರೆ ನುಂಗಿ ರಜೆ ಹಾಕುತ್ತಿದ್ದೆ. ಅಕ್ಕ ಚಮಚ ಹಿಡಿದು ಹೊರಟಳು.

"ಶಾಲೆಯೊಳಗೆ ಏನೇ ತಿಂದ್ರೂ ನಾನು ಮೊದಲು ರುಚಿ ನೋಡ್ಬೇಕು. ನಿಯಮ ಕಣ್ರೋ. ತೆಗೀರಿ ಡಬ್ಬಿ!"

ಚಿತ್ರಾನ್ನ ಅರ್ಧವಾಯಿತು, ಉಪ್ಪಿಟ್ಟು ತಳ ಕಂಡಿತು. ಅಷ್ಟರಲ್ಲಿ ಅಡುಗೆಮನೆಯಿಂದ ಬಸ್ಸಾರಿನ ಘಮ! ಹೊಟ್ಟೆ ತುಂಬದ ಮಕ್ಕಳು ಇನ್ನೇನು ಮಾಡಿಯಾವು? ತಟ್ಟೆ ಹಿಡಿದು ಎಲ್ಲರ ಜೊತೆ ಸಾಲಿನಲ್ಲಿ ಕೂತವು. ಒಂದು ವಾರ ಹೀಗೇ ನಡೆಯಿತು.

ಭಾನುವಾರ ಒಬ್ಬ ತಂದೆ ಮನೆಗೇ ಬಂದ.

"ನಮ್ಮೋರೇ ಆಗಿ ನೀವೇ ಇಂಗ್ ಮಾಡ್ಬೋದಾ ಮೇಡಮ್ಮೋರೆ?"

"ನಿಮ್ಮನೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಕಣಪ್ಪ. ಮನೇಲಿ ಹೇಳು."

ಬಾಗಿಲ ಹಿಂದೆ ಬೆವರುತ್ತಿದ್ದ ನನಗೂ ನಗು ಬಂತು. ಅವನಿಗೆ ಬರಲಿಲ್ಲ.

"ಐಕಳ ಟೀಸಿ ಕೊಟ್ಬುಡಿ."

ಕೊಡಬೇಕಾಯಿತು. ಮೇಲಿನ ಬೀದಿಯ ಮಕ್ಕಳೆಲ್ಲ ಒಬ್ಬರ ಹಿಂದೊಬ್ಬರು ಟೌನಿನ ಕಾನ್ವೆಂಟಿಗೆ ಹೋದವು. "ನಾನೇ ಕೆಲ್ಸ ಬುಟ್ಬುಡ್ತೀನಿ, ಐಕ್ಳು ವಾಪಸ್ ಬರ್ಲಿ," ಎಂದು ಅಡುಗೆಯಾಕೆ ಅತ್ತಳಂತೆ. "ಮುಚ್ಕೊಂಡು ಸಾರಿಗೆ ಒಗ್ಗರಣೆ ಹಾಕು," ಎಂದಳಂತೆ ಅಕ್ಕ. ಆದರೆ ಅವತ್ತಿನಿಂದ ಮನೆಯಲ್ಲಿ ಅವಳ ಜೋಕುಗಳು ನಿಂತವು. ನಾನು ಚಿಂತೆ ಮಾಡಲು ಹೊಸ ವಿಷಯ ಹುಡುಕಬೇಕಾಗಿ ಬರಲಿಲ್ಲ.

ಮೊನ್ನೆ ಸಂಜೆ ಅಕ್ಕನನ್ನು ಕರೆತರಲು ಹೋಗಿದ್ದೆ. ಕೆಲಸ ಮುಗಿದು ಎಷ್ಟೋ ಹೊತ್ತಾಗಿದ್ದರೂ ಅಡುಗೆಯಾಕೆ ಶಾಲೆಯ ಗೇಟಿನ ಬಳಿಯೇ ನಿಂತಿದ್ದಳು.

"ಮನೆಗೆ ಹೋಗಲಿಲ್ವೇನಮ್ಮ?"

"ವ್ಯಾನ್ ಬರೋ ಒತ್ತು ಸಾ."

ಕಾನ್ವೆಂಟಿನ ವ್ಯಾನು ಬಂತು. ಕಿಟಕಿಗಳಿಂದ ಪುಟ್ಟ ತಲೆಗಳು ಇಣುಕಿದವು.

"ಆಂಟೀ, ಇವತ್ತು ಏನ್ ಸಾರು?"

"ಉಳ್ಳಿಕಾಳು ಸಾರು! ನೀವು ಉಂಡ್ರಾ ಮಕ್ಳಾ?"

ವ್ಯಾನು ನಿಲ್ಲಲಿಲ್ಲ. ಮಕ್ಕಳು ಏನೋ ಕೂಗಿದವು, ನಮಗ್ಯಾರಿಗೂ ಕೇಳಿಸಲಿಲ್ಲ. ಅಕ್ಕ ಮೆಲ್ಲಗೆ ಬಂದು ಆಕೆಯ ಕೈ ಹಿಡಿದುಕೊಂಡಳು.

"ಉಂಡಿದಾರಂತೆ ಕಣಮ್ಮ," ಎಂದಳು.