ಬಳೆ ಬುಟ್ಟಿಯಲ್ಲಿ ಇಡೀ ಓಣಿ

ಮೊಬೈಲು ಹೋದಲ್ಲೆಲ್ಲ ಅದರ ಒಡೆಯನೂ ಹೋಗುತ್ತಾನೆ ಎಂದು ನಂಬುವವರು ಇರುವ ತನಕ ನನ್ನಂಥವರಿಗೆ ನಗುವಿಗೆ ಬರವಿಲ್ಲ. ಸಿಂಧನೂರಿಗೆ ಟೌನ್ ಬಸ್ಸು ಬರುವುದಿತ್ತು. ಅದು ಎಲ್ಲೆಲ್ಲಿ ನಿಲ್ಲಬೇಕೆಂದು ತಿಳಿಯಲು, ಒಪ್ಪಿದವರ ಮೊಬೈಲಿಗೆ ಆ್ಯಪ್ ಹಾಕಿ ಅವರ ಓಡಾಟವನ್ನು ನಕ್ಷೆಯಲ್ಲಿ ನೋಡುವ ಕೆಲಸ ನನ್ನದು. ನಮ್ಮ ಸಾಹೇಬರು ಲಿಂಗಸುಗೂರಿನಲ್ಲಿ ಕೂತು ಅದೇ ನಕ್ಷೆ ನೋಡುತ್ತಿದ್ದರು.

೧. ಸುತ್ತುವ ಗೆರೆ

ಮೊದಲ ವಾರವೇ ಸಾಹೇಬರ ಫೋನು. ಯಾರೋ ಬೆಳಗಿನಿಂದ ಬಸ್ ಸ್ಟ್ಯಾಂಡನ್ನೇ ಸುತ್ತುತ್ತಿದ್ದಾನೆ, ದಾರಿ ತಪ್ಪಿರಬೇಕು, ಹೋಗಿ ನೋಡು ಅಂದರು. ನೋಡಿದರೆ ಪಕ್ಕದ ಹಳ್ಳಿ ಗೊರೇಬಾಳಕ್ಕೆ ಹೋಗುವ ಆಟೊದವ. ನಮ್ಮಲ್ಲಿ ಆಟೊ ತುಂಬದೆ ಊರು ಬಿಡುವುದಿಲ್ಲ. ತುಂಬುವ ತನಕ ಸುತ್ತುತ್ತಲೇ ಇರುತ್ತದೆ. ಒಳಗಿದ್ದ ಮುದುಕರೊಬ್ಬರನ್ನು ಯಾವಾಗ ಹತ್ತಿದಿರಿ ಎಂದು ಕೇಳಿದೆ.

“ಭಾಳ ಹೊತ್ತಾತಪಾ. ನನ್ನ ಮುಂದ ನಡಕೋಂತ ಗೊರೇಬಾಳಕ್ಕ ಹೋದಾಂವ ಹೊಳ್ಳಿ ಬಂದಾನ.”

೨. ಚಾದಂಗಡಿಯ ಹೆಂಗಸರು

ನಮ್ಮ ಓಣಿಯಲ್ಲಿ ಬಳೆ ಮಾರುವ ಮುದುಕಿಯೊಬ್ಬರಿದ್ದಾರೆ. ಎಲ್ಲರಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ. ಬುಟ್ಟಿ ಹೊತ್ತು ಊರೆಲ್ಲ ತಿರುಗಿ ಮೊಣಕಾಲು ಸವೆದಿವೆ. ಬಸ್ಸು ಓಣಿಯ ಬಾಯಿಗೆ ನಿಲ್ಲಲಿ ಎಂಬುದೊಂದೇ ಅವರ ಆಸೆ. ಅದಕ್ಕೆಂದೇ ಮನೆಮನೆಗೆ ಹೋಗಿ ಹೆಂಗಸರನ್ನೆಲ್ಲ ಒಪ್ಪಿಸಿ ಆ್ಯಪ್ ಹಾಕಿಸಿದ್ದರು.

ನಕ್ಷೆ ನೋಡಿದ ಸಾಹೇಬರು, ಆ ಓಣಿಯ ಹೆಂಗಸರು ಮುಂಜಾನೆಯೂ ಚಾದಂಗಡಿಯಲ್ಲೇ, ಸಂಜೆಯೂ ಚಾದಂಗಡಿಯಲ್ಲೇ, ಅವರಿಗೆ ಬಸ್ಸು ಯಾಕೆ ಎಂದು ಸ್ಟಾಪನ್ನೇ ಹೊಡೆದುಹಾಕಿದರು. ಮೊಬೈಲು ಹೆಂಡತಿಯದು, ಇರುವುದು ಗಂಡನ ಜೇಬಿನಲ್ಲಿ! ವಿಷಯ ತಿಳಿದ ಖಾಲಾ ನೆಟ್ಟಗೆ ಚಾದಂಗಡಿಗೆ ಹೋಗಿ, ಸಾಲಾಗಿ ಕೂತ ಗಂಡಸರನ್ನು ಕೇಳಿದರು:

“ಏನ್ರವ್ವಾ, ಅಡಗಿ ಆತೇನ್ರಿ?”

೩. ಮೆರವಣಿಗೆ

ಗಂಡಸರು ನಾಚಿ ಮೊಬೈಲು ಮರಳಿಸಿದರು. ಆದರೆ ಹೆಂಗಸರಿಗೆ ಮನೆಗೆಲಸ ಮುಗಿದರೆ ತಾನೇ ಹೊರಗೆ ಹೋಗುವುದು? ನಕ್ಷೆಯ ಗುರುತುಗಳೆಲ್ಲ ಒಲೆಯ ಮುಂದೆ ಅಲುಗದೆ ನಿಂತವು. ಮೊಬೈಲು ಓಡಾಡಿದರೆ ಮಾತ್ರ ಸಾಹೇಬರು ನಂಬುತ್ತಾರೆ ಎಂದು ಖಾಲಾಗೆ ಹೇಳಿದವನು ನಾನೇ.

ಮರುದಿನ ಮಧ್ಯಾಹ್ನ ಸಾಹೇಬರ ಫೋನು. ಓಣಿಯ ಹೆಂಗಸರೆಲ್ಲ ಒಂದೇ ಗುಂಪಾಗಿ ಹೊರಟಿದ್ದಾರೆ, ಮನೆಮನೆಗೂ ನಿಂತು ಜನ ಕೂಡಿಸುತ್ತಿದ್ದಾರೆ, ಈಗ ತಾಲೂಕು ಕಚೇರಿ ಮುಂದೆ ಕೂತುಬಿಟ್ಟಿದ್ದಾರೆ, ಈ ಧರಣಿ ಯಾತಕ್ಕೆ ಅಂದರು.

ನಾನು ಓಡಿದೆ. ಅಲ್ಲಿ ಖಾಲಾ ಒಬ್ಬರೇ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಪಕ್ಕದ ಬುಟ್ಟಿಯಲ್ಲಿ ಬಳೆಗಳ ನಡುವೆ ಓಣಿಯ ಮೊಬೈಲುಗಳೆಲ್ಲ ಇದ್ದವು. ಬಸ್ ಸ್ಟಾಪಿಗಾಗಿ ಬಂದಿದ್ದಾರೆ ಎಂದು ಸಾಹೇಬರಿಗೆ ಫೋನಿನಲ್ಲಿ ಹೇಳಿದೆ; ಅದೇನೂ ಸುಳ್ಳಲ್ಲ. ಖಾಲಾ ಕಟ್ಟೆಯಿಂದ ಏಳುವ ಮೊದಲೇ ಸ್ಟಾಪಿಗೆ ಒಪ್ಪಿಗೆ ಸಿಕ್ಕಿತು.

ಮೊದಲ ಬಸ್ಸಿನ ದಿನ ಸಾಹೇಬರೂ ಅದರಲ್ಲೇ ಬಂದಿದ್ದರು. ಓಣಿಯ ಬಾಯಿಗೆ ಬಸ್ಸು ನಿಂತಿತು. ಖಾಲಾ ಬುಟ್ಟಿ ಸಮೇತ ಹತ್ತಿ ಕಿಟಕಿ ಪಕ್ಕ ಕೂತದ್ದು ನೋಡಿ ನನಗೆ ಬಹಳ ಸಂತೋಷವಾಯಿತು. ಸಾಹೇಬರು ಮಾತ್ರ ಹೊರಗೆ ಇಣುಕಿ, ಆವತ್ತಿನ ಹೆಂಗಸರೆಲ್ಲ ಎಲ್ಲಿ ಎಂದು ಅಳುಕುತ್ತಲೇ ಕೇಳಿದರು.

ಖಾಲಾ ಬುಟ್ಟಿಯ ಬಟ್ಟೆ ಸರಿಸಿ ತೋರಿಸಿದರು.

“ಇವತ್ತ ಅವರನ್ನ ಮನ್ಯಾಗ ಬಿಟ್ಟು ಬಂದೀನ್ರಿ ಸಾಹೇಬ್ರ. ಬರೇ ಬಳಿ ತಂದೀನಿ.”