ಬೀದಿಗೆಲ್ಲ ಒಂದೇ ಏಣಿ

ನೀರಿನ ತೊಟ್ಟಿ ತೊಳೆಯಲೆಂದು ಸಾಕು ಮಾಸ್ತರು ಮಹಡಿಯ ನೆತ್ತಿಗೆ ಹತ್ತಿದ್ದೇ ತಪ್ಪಾಯಿತು. ಕೆಲಸ ಮುಗಿಸಿ ಬಗ್ಗಿ ನೋಡಿದರೆ, ಗೋಡೆಗೆ ಒರಗಿಸಿದ್ದ ಏಣಿ ದರ್ಜಿಯ ಹೆಗಲೇರಿ ಹೊರಟಿತ್ತು.

"ಏ ದರ್ಜಿ, ನಾನಿನ್ನೂ ಮೇಲಿದೀನಿ ಕಣಯ್ಯ."

"ಈಗ ನನ್ನ ಸರದಿ ಮಾಸ್ತರೇ. ಸರದಿ ತಪ್ಪಬಾರದು ಅಂದೋರು ನೀವೇ ಅಲ್ವಾ. ನನ್ನದಾದ ಮೇಲೆ ಬೇಕರಿಯವ್ರದು, ಆಮೇಲೆ ನರ್ಸಮ್ಮಂದು. ನಿಮಗೆ ಮತ್ತೆ ನಾಳೆ."

ಅಂದದ್ದು ನಿಜವೇ. ಶಾಲೆಯಿಂದ ನಿವೃತ್ತರಾದ ಮೇಲೆ ಮಾಸ್ತರಿಗೆ ಒಂದೇ ಗುಂಗು. ಏಣಿ, ಬಕೆಟ್ಟು ಎಲ್ಲ ಮನೆಮನೆಗೂ ಏಕೆ, ಬೀದಿಗೊಂದಿದ್ದರೆ ಸಾಕು. ಕೊಳ್ಳುತ್ತಲೇ ಹೋದರೆ ಈ ಭೂಮಿ ಎಷ್ಟೂಂತ ತಡೆದೀತು? 'ಸಾಕು, ಸಾಕು' ಎಂದು ಎಲ್ಲರ ತಲೆ ತಿಂದು ಆ ಅಡ್ಡಹೆಸರನ್ನೂ ಗಳಿಸಿ, ಬೀದಿಗೆ ಕಟ್ಟಳೆಯನ್ನೂ ಮಾಡಿಸಿದ್ದರು. ಆ ಸಂಜೆ ಪಕ್ಕದ ಬಡಾವಣೆಯವರು ಅದನ್ನು ನೋಡಿ ಕಲಿಯಲು ಬರುವವರಿದ್ದರು. ಮಾಸ್ತರು ಹೀಗೆ ಕಾಗೆಯಂತೆ ಮೇಲೆ ಕೂತಿದ್ದರೆ ಯಾರು ನಂಬುತ್ತಾರೆ?

ನೀರಿನ ಪೈಪು ಹಿಡಿದು ಜಾರಲು ನೋಡಿದರು. ಪ್ಯಾಂಟು ಮೊಳೆಗೆ ಸಿಕ್ಕಿ ಪರ್ರೆಂದಿತು. ಗಾಬರಿಯಲ್ಲಿ ಮತ್ತೆ ಮೇಲೆ ಹತ್ತುವಾಗ ಕಾಲು ತಗುಲಿ, ಬಕೆಟ್ಟು ಕೆಳಗೆ ಹೋಗುತ್ತಿದ್ದ ಬೇಕರಿಯವನ ಬ್ರೆಡ್ಡಿನ ಬುಟ್ಟಿಯ ಮೇಲೆ ಬಿತ್ತು.

"ಮಾಸ್ತರೇ, ಬಕೆಟ್ಟೂ ಬೀದಿಗೊಂದೇ ಅಲ್ವಾ? ಅದೂ ಒಡೀತು ನೋಡಿ," ಎಂದನವನು.

ಅಷ್ಟರಲ್ಲಿ ಅತಿಥಿಗಳು ಬಂದೇಬಿಟ್ಟರು. ಮಾಸ್ತರು ಹರಿದ ಪ್ಯಾಂಟಿಗೆ ಟವೆಲು ಸುತ್ತಿ, ಬೇಕೆಂದೇ ಹತ್ತಿದವರ ಹಾಗೆ ಎದೆ ಸೆಟೆಸಿ ನಿಂತರು.

"ಅಲ್ಲಿ ಯಾಕೆ ನಿಂತಿದೀರಿ ಸಾರ್?"

"ಇಲ್ಲಿಂದ ಇಡೀ ಬೀದಿ ಕಾಣುತ್ತೆ. ನೋಡಿ, ಇಷ್ಟು ಮನೆಗೂ ಒಂದೇ ಏಣಿ."

ಚಪ್ಪಾಳೆ ಬಿತ್ತು. ಆ ಹುಮ್ಮಸ್ಸಿನಲ್ಲಿ ಮಾಸ್ತರು ಕೈ ಬೀಸಿ ಹಿತ್ತಲುಗಳ ಕಡೆ ತಿರುಗಿದರು. ಬೀಸಿದ ಕೈ ಅಲ್ಲೇ ನಿಂತಿತು.

ದರ್ಜಿಯ ಹಿತ್ತಲಲ್ಲಿ ಟಾರ್ಪಾಲಿನಡಿ ಹೊಸ ಏಣಿ. ಬೇಕರಿಯವನ ಒಲೆಯ ಹಿಂದೆ ಒಂದು. ನರ್ಸಮ್ಮನದು ಬಟ್ಟೆಗಳ ಮರೆಯಲ್ಲಿ. ಯಾರಿಗೂ ಅನುಮಾನ ಬರಬಾರದೆಂದೇ ಸರದಿಗೆ ಅಷ್ಟೊಂದು ಕಿತ್ತಾಟ. ಕೊನೆಗೆ ಕಣ್ಣು ತಮ್ಮದೇ ಹಿತ್ತಲಿಗಿಳಿಯಿತು. ಹೆಂಡತಿ ಹಳೇ ಜಮಖಾನದ ತುದಿಯೆತ್ತಿ ಪಿಸುಗುಟ್ಟುತ್ತಿದ್ದಳು:

"ರೀ, ಇದನ್ನ ತರಲಾ? ಎಲ್ರೂ ನೋಡ್ತಾರೆ ಮತ್ತೆ."

ಮಾಸ್ತರು ಮುಂದಿನ ಚಪ್ಪಾಳೆಯನ್ನೂ ಹಿಂದಿನ ಏಣಿಯನ್ನೂ ನೋಡಿದರು.

"ಮುಚ್ಚೇ ಅದನ್ನ. ನಾಳೆ ಸರದಿ ಬರೋವರೆಗೂ ಇಲ್ಲೇ ಇರ್ತೀನಿ. ಊಟ ಹಗ್ಗಕ್ಕೆ ಕಟ್ಟು, ಎಳ್ಕೋತೀನಿ."

"ಹಗ್ಗ ಈ ವಾರ ನರ್ಸಮ್ಮಂದು ಕಣ್ರೀ."