ಹಳೇ ಡ್ರೈವರ್ ತಗೀರಿ

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಂತ್ರದ ರೋಗ ಒಂದಿರುತ್ತದೆ, ಮನೆಯವರು ಇನ್ನೊಂದು ಹೇಳುತ್ತಾರೆ, ನನಗೆ ತಿಳಿಯುವುದು ಮೂರನೆಯದು. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ. ಸಿ.ಡಿ. ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಹಾವೇರಿ, ಬ್ಯಾಡಗಿ, ಹಲಗೇರಿ ಅಂತ ತಿರುಗುತ್ತಿದ್ದೆ. ಅರ್ಧ ವಿದ್ಯೆ ಕೋರ್ಸಿನಲ್ಲಿ ಕಲಿತಿದ್ದೆ, ಉಳಿದರ್ಧವನ್ನು ಗಿರಾಕಿಗಳ ಯಂತ್ರದ ಮೇಲೆ ಕಲಿತೆ.

ಈ ತಿರುಗಾಟದಲ್ಲಿ ನಾನು ಕಲಿತ ಒಂದು ಶಬ್ದದಿಂದ ಬ್ಯಾಡಗಿಯ ಒಬ್ಬ ಪಾಪದ ಮನುಷ್ಯನ ಹದಿನೆಂಟು ವರ್ಷದ ನೌಕರಿಗೇ ಕುತ್ತು ಬಂತು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಆ ಶಬ್ದ ಕಲಿತದ್ದು ಹಾವೇರಿಯಲ್ಲಿ. ಅಲ್ಲಿಂದಲೇ ಹೇಳುತ್ತೇನೆ.

ಒಂದೇ ಬಾಗಿಲು

ಹಾವೇರಿಯ ಒಬ್ಬ ಮಾಸ್ತರರ ಮನೆಯ ಕಂಪ್ಯೂಟರಿನಲ್ಲಿ ಹಾಡು ಹಚ್ಚಿದರೆ ಇಂಟರ್‌ನೆಟ್ ಹೋಗುತ್ತಿತ್ತು, ಇಂಟರ್‌ನೆಟ್ ಹಚ್ಚಿದರೆ ಹಾಡು ನಿಲ್ಲುತ್ತಿತ್ತು. ಸೌಂಡ್ ಕಾರ್ಡು ಬದಲಿಸಿದೆ, ಮೋಡೆಮ್ ಬದಲಿಸಿದೆ, ಕೊನೆಗೆ ಮನೆಯ ಪ್ಲಗ್ ಪಾಯಿಂಟ್ ಕೂಡ ಬದಲಿಸಿದೆ. ಮೂರು ದಿನವಾದರೂ ತಲೆಬುಡ ತಿಳಿಯಲಿಲ್ಲ.

"ಏನಾಗೇತ್ರಿ?" ಅಂತ ಮಾಸ್ತರರು ಕೇಳಿದರು.

"ಕಾನ್‌ಫ್ಲಿಕ್ಟ್ ಐತ್ರಿ ಸರ್."

"ಹಂಗಂದ್ರ?"

ಹಾಗಂದರೆ ಏನು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಎರಡೂ ಕಾರ್ಡು ಒಂದ ದಾರಿ ಕೇಳಾಕತ್ತಾವ್ರಿ," ಅಂದೆ.

ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದ ಮಾಸ್ತರರ ತಾಯಿ ಮೊರ ಕೆಳಗಿಟ್ಟರು. "ಅಂದ್ರ ಜಗಳ ಅನ್ನಪಾ ಸೀದಾ. ಅಣ್ಣ ತಮ್ಮ ಇಬ್ರಿಗೂ ಒಂದ ಬಾಗಲಾ ಕೊಟ್ರ ಜಗಳಾಡದ ಏನ್ ಮಾಡ್ತಾವ? ಒಂದನ್ನ ಎತ್ತಿ ಬ್ಯಾರೆ ಖೋಲ್ಯಾಗ ಹಾಕು."

ಬೇರೆ ಉಪಾಯ ತೋಚದೆ ಮೋಡೆಮ್ ಕಿತ್ತು ಕೊನೆಯ ಸ್ಲಾಟಿಗೆ ಹಾಕಿದೆ. ಹಾಡೂ ಬಂತು, ಇಂಟರ್‌ನೆಟ್ಟೂ ಬಂತು. ಮುದುಕಿ ಮೊರ ಎತ್ತಿಕೊಳ್ಳುತ್ತ ಕೇಳಿದರು: "ಒಲಿನೂ ಬ್ಯಾರೆ ಮಾಡಿಯೇನು?"

"ಇಲ್ಲವ್ವಾರ, ಕರೆಂಟ್ ಎರಡಕ್ಕೂ ಒಂದ ಕಡಿಯಿಂದ ಬರ್ತೈತಿ."

"ಹಂಗಾರ ಬಿಡು, ದೀಪಾವಳಿ ಮುಟ್ಟಂಗಿಲ್ಲ."

ದೀಪಾವಳಿಗೆ ನಾಲ್ಕು ದಿನ ಮೊದಲು ಪವರ್ ಸಪ್ಲೈ ಸುಟ್ಟಿತು.

ನಾಕೂ ಕಡೆ ಹಳದಿ

ಮುದುಕಿಯ ಮಾತು ಕೇಳಿದ ದಿನದಿಂದಲೇ ನಾನು ಕಾನ್‌ಫ್ಲಿಕ್ಟ್ ಅನ್ನುವುದನ್ನೇ ಬಿಟ್ಟೆ. ಎಲ್ಲಿ ಹೋದರೂ ಜಗಳ ಅನ್ನತೊಡಗಿದೆ. ಜನ ಕೂಡಲೇ ತಲೆಯಾಡಿಸುತ್ತಿದ್ದರು. ಇಷ್ಟು ಬೇಗ ತಿಳಿಯುತ್ತದಲ್ಲ ಅಂತ ನನಗೂ ಹೆಮ್ಮೆ.

ಆಯುಧ ಪೂಜೆಯ ಮರುದಿನ ಹಲಗೇರಿಯ ಬೀಜ ಗೊಬ್ಬರದ ಅಂಗಡಿಯಿಂದ ಫೋನ್ ಬಂತು. ಸಿ.ಡಿ. ಹಾಕಿದರೆ ಓದುತ್ತಿಲ್ಲವಂತೆ. ಯಾವ ಭಾಗ ಕೆಟ್ಟಿರುತ್ತದೋ ಅದರ ಹೆಸರಿನ ಮುಂದೆ ಕಂಪ್ಯೂಟರು ಒಂದು ಹಳದಿ ಗುರುತು ಹಾಕಿ ತೋರಿಸುತ್ತದೆ. ಬಸ್ಸಿನ ತ್ರಾಸು ಉಳಿಯಲಿ ಅಂತ ಅದನ್ನೇ ಕೇಳಿದೆ.

"ಒಳಗ ಏನರ ಜಗಳ ಇದ್ರ ಹಳದಿ ಕಾಣ್ತೈತಿ ನೋಡ್ರಿ. ಐತೇನು?"

"ಐತ್ರಿ."

"ಎಷ್ಟ ಕಡೆ?"

"ನಾಕೂ ಕಡೆ ಐತ್ರಿ."

ಒಂದೇ ಸಲಕ್ಕೆ ನಾಲ್ಕು ಭಾಗ ಕೆಟ್ಟದ್ದನ್ನು ನಾನು ಕೇಳಿಯೇ ಇರಲಿಲ್ಲ. "ಮತ್ತೇನರ ಕಾಣ್ತೈತೇನ್ರಿ?" ಅಂದೆ.

"ನಡುವ ಕೆಂಪಗನೂ ಐತಿ."

ಕೆಂಪು ಗುರುತಿನ ಬಗ್ಗೆ ಕೋರ್ಸಿನಲ್ಲಿ ಏನು ಹೇಳಿದ್ದರೋ ನೆನಪಾಗಲಿಲ್ಲ. ಇದ್ದಬದ್ದ ಸಿ.ಡಿ.ಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮೊದಲ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮಾನಿಟರಿನ ನಾಲ್ಕೂ ಮೂಲೆಗೆ ಅರಿಶಿನ, ನಡುವೆ ದೊಡ್ಡ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ.

ಸಿ.ಡಿ. ಡ್ರೈವ್ ಬಿಚ್ಚಿದೆ. ಒಳಗೆ ಎರಡು ವೀಳ್ಯದೆಲೆ, ಒಂದು ಅಡಿಕೆ ಸಿಕ್ಕವು.

"ಇವನ್ನ ಯಾರು ಇಟ್ಟಾರ್ರಿ?"

ಅಂಗಡಿಯವರ ಹೆಂಡತಿ ಸಂಕೋಚಪಡಲಿಲ್ಲ, ಸಂಭ್ರಮದಿಂದ ಮುಂದೆ ಬಂದರು. "ನಾನ ಇಟ್ಟೇನ್ರಿ. ಗುಂಡಿ ಒತ್ತಿದ್ಮ್ಯಾಲ ತಟ್ಟಿ ಮುಂದ ಬಂತು, ಎಲಿ ಅಡಿಕಿ ಇಟ್ಟೆ, ಒಳಗ ತಗೊಂಡ್ತು. ಇಷ್ಟ ವರ್ಷ ಎಷ್ಟ ದೇವರಿಗೆ ಇಟ್ಟೇನ್ರಿ, ಕೈ ಚಾಚಿ ತಗೊಂಡಿದ್ದು ಇದೊಂದ!"

ಎರಡು ಡ್ರೈವರ್ ಜಗಳ

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾವ್ಕಾರರ ಕಂಪ್ಯೂಟರ್ ಬಿಚ್ಚುವ ಮೊದಲು ನಾನು ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದೆ. ಫ್ಯಾನಿನಲ್ಲಿ ಕೂತಿರುತ್ತಿದ್ದ ಖಾರದ ಧೂಳಿನಿಂದ ಒಂದು ಹೊತ್ತಿನ ಸಾರು ಆಗುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ನನ್ನನ್ನು ಜೀಪಿನಲ್ಲಿ ಕರೆತರಲು ಅವರ ಡ್ರೈವರ್ ಬರುತ್ತಿದ್ದ. ಹದಿನೆಂಟು ವರ್ಷದಿಂದ ಅಲ್ಲೇ ಇದ್ದವನು, ಓದುಬರಹ ಬಾರದು, ದಾರಿಯುದ್ದಕ್ಕೂ ಜೀಪಿನ ಗುಣಗಾನ. ಆ ವರ್ಷ ಸಾವ್ಕಾರರು ಹೊಸ ಲಾರಿ ಕೊಂಡು ಇನ್ನೊಬ್ಬ ಡ್ರೈವರನ್ನೂ ಇಟ್ಟುಕೊಂಡಿದ್ದರು. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಇದು ನನಗೆ ಗೊತ್ತಿರಲಿಲ್ಲ.

ಅವತ್ತು ಅವರ ಪ್ರಿಂಟರಿನಲ್ಲಿ ಬರೀ ಚಿತ್ರವಿಚಿತ್ರ ಗೀಟುಗಳು ಬರುತ್ತಿದ್ದವು. ಪ್ರಿಂಟರನ್ನು ನಡೆಸಲು ಕಂಪ್ಯೂಟರಿನೊಳಗೆ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಅಲ್ಲಿ ಹಳೆಯದೊಂದು, ಹೊಸದೊಂದು, ಎರಡು ಕೂತಿದ್ದವು. ಹಳೆಯದನ್ನು ತೆಗೆದು ಹೊಸದನ್ನು ಮತ್ತೆ ಹಾಕಬೇಕಿತ್ತು, ಅದಕ್ಕೆ ಬೇಕಾದ ಸಿ.ಡಿ. ರಾಣೆಬೆನ್ನೂರಿನಲ್ಲಿತ್ತು. ಸಾವ್ಕಾರರು ಮಾರ್ಕೆಟ್ಟಿನಲ್ಲಿದ್ದರು. ಚಂದದ ಕನ್ನಡದಲ್ಲಿ ತಿಳಿಸಿ ಹೇಳಬೇಕೆಂಬ ಉಮೇದಿನಿಂದ ಒಂದು ಚೀಟಿ ಬರೆದೆ:

"ನಿಮ್ಮಲ್ಲಿ ಹಳೇ ಡ್ರೈವರ್, ಹೊಸಾ ಡ್ರೈವರ್ ಎರಡಕ್ಕೂ ಜಗಳ ನಡೆದೈತಿ. ಹಳೇ ಡ್ರೈವರ್ ತಗೀಲಾರದ ಗಾಡಿ ಮುಂದ ಹೋಗಂಗಿಲ್ಲ. ನಾಳೆ ಬರ್ತೇನಿ."

ಅದನ್ನು ಹಳೇ ಡ್ರೈವರಣ್ಣನ ಕೈಗೇ ಕೊಟ್ಟೆ. ಅವನು ಅದನ್ನು ಜೋಪಾನವಾಗಿ ಅಂಗಿಯ ಕಿಸೆಯಲ್ಲಿಟ್ಟು, ನನ್ನನ್ನು ಬಸ್ ಹತ್ತಿಸಿ, ನೇರವಾಗಿ ಹೋಗಿ ಸಾವ್ಕಾರರಿಗೆ ಮುಟ್ಟಿಸಿದ.

ಮರುದಿನ ಬಸ್ಸಿಳಿದರೆ ಜೀಪಿನಲ್ಲಿ ಹೊಸ ಡ್ರೈವರ್ ಕೂತಿದ್ದ. "ಅಣ್ಣಾರ, ನಿಮ್ಮ ಉಪಕಾರ ಮರಿಯಂಗಿಲ್ಲ," ಅಂತ ನನ್ನ ಚೀಲ ತಾನೇ ಹೊತ್ತ. ಯಾವ ಉಪಕಾರವೋ ನನಗೆ ತಿಳಿಯಲಿಲ್ಲ. ಅಂಗಡಿಗೆ ಹೋದರೆ ಕಟ್ಟೆಯ ಮೇಲೆ ಹಳೇ ಡ್ರೈವರ್ ತನ್ನ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ನೀವು ಬಂದಾಗೆಲ್ಲ ಮುಂದಿನ ಸೀಟಿಗೆ ಕುಂದರಿಸಿಕೊಂಡು ಕರಕೊಂಬಂದೇನಿ. ನಿಮಗ ನಾ ಏನ್ ಅನ್ಯಾಯ ಮಾಡಿದ್ದೆರಿ?"

ಬ್ರೇಕ್ ಹಾಕಿದಾಗ ನಾನೇನಾದರೂ ಬೈದಿದ್ದೆನೇ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಳಗಿಂದ ಸಾವ್ಕಾರರು ಕೂಗಿದರು.

"ಏನ್ರಿ ನಿಮ್ಮ ಮಾತು! ನಂಬಿ ಹಳೇ ಡ್ರೈವರ್‌ನ ನಿನ್ನೇನ ತಗದೀನಿ. ಆದ್ರೂ ಪ್ರಿಂಟ್ ಬರವಲ್ದು!"

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. "ಆ ಡ್ರೈವರ್ ಅಲ್ರಿ ಸಾವ್ಕಾರ್ರ, ಇದರೊಳಗಿನ ಡ್ರೈವರ್ರಿ," ಅಂತ ಕಂಪ್ಯೂಟರ್ ತೋರಿಸಿದೆ.

"ಇದರೊಳಗ? ಇಷ್ಟ ಡಬ್ಬಿಯೊಳಗ ಡ್ರೈವರ್ ಎಲ್ಲಿ ಕುಂದರ್ತಾನ?"

"ಕಾಣಂಗಿಲ್ರಿ."

"ಕಾಣಲಾರದಾಂವ ಜಗಳ ಹೆಂಗ ಮಾಡ್ತಾನ? ಮತ್ತ ಗಾಡಿ ಮುಂದ ಹೋಗಂಗಿಲ್ಲ ಅಂತ ಬರದೀರಲ್ಲ, ಇದಕ್ಕ ಗಾಲಿ ಎಲ್ಲ್ಯದಾವ?"

ಹೇಳಿದಷ್ಟೂ ಗೊಂದಲ ಹೆಚ್ಚಾಯಿತು. ಕೊನೆಗೆ ಮಾತು ಬಿಟ್ಟು ಎಲ್ಲರನ್ನೂ ಪರದೆಯ ಮುಂದೆ ನಿಲ್ಲಿಸಿದೆ. ಹಳೆಯದನ್ನು ಆರಿಸಿ ತೆಗೆಯಲು ಹೇಳಿದಾಗ, ಖರೇನೇ ತೆಗೆಯಬೇಕೇ ಅಂತ ಕಂಪ್ಯೂಟರ್ ಕೇಳಿತು. ಅದನ್ನು ಕನ್ನಡದಲ್ಲಿ ಹೇಳಿದೆ.

"ನೋಡ್ರಿ ಸಾವ್ಕಾರ್ರ," ಅಂದ ಹಳೇ ಡ್ರೈವರ್, "ಡಬ್ಬಿ ಸೈತ ಒಮ್ಮೆ ಕೇಳಿ ತಗೀತೈತಿ."

ಸಾವ್ಕಾರರು ತಲೆ ಕೆಳಗೆ ಹಾಕಿದರು. ಡ್ರೈವರಣ್ಣ ತಾನೇ ಮುಂದೆ ಬಂದು ನಾನು ತೋರಿಸಿದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ಹೊಸ ಸಿ.ಡಿ. ಹಾಕಿದೆ. ಪ್ರಿಂಟರ್ ಕಿರ್ರೆಂದು ಹಾಳೆ ಎಳೆದುಕೊಂಡು ಅಕ್ಷರ ಮೂಡಿಸಿತು.

"ನಡಿ, ಜೀಪ್ ತಗಿ ಇನ್ನ," ಅಂದರು ಸಾವ್ಕಾರರು.

ಅವನು ಕದಲಲಿಲ್ಲ. "ಹಂಗ ಬರಂಗಿಲ್ರಿ. ಚೀಟಿ ನೋಡಿ ತಗದೀರಿ, ಚೀಟಿ ಬರದ ಹಾಕ್ಕೋರ್ರಿ."

ತಪ್ಪು ನನ್ನದು, ಬರೆಯುವ ಕೆಲಸವೂ ನನ್ನದೇ ಆಯಿತು. ಕನ್ನಡದಲ್ಲಿ ಟೈಪ್ ಮಾಡಿ ಅದೇ ಪ್ರಿಂಟರಿನಲ್ಲಿ ತೆಗೆದು ಕೊಟ್ಟೆ: "ಹಳೇ ಡ್ರೈವರನ್ನು ಮರಳಿ ಹಾಕಲಾಗಿದೆ." ಸಾವ್ಕಾರರು ಸಹಿ ಮಾಡಿದರು. ಅವನು ಅದನ್ನು ಎರಡು ಸಲ ನನ್ನಿಂದ ಓದಿಸಿ ಕೇಳಿದ. ಒಂದು ಕ್ಷಣ ಯೋಚಿಸಿ, ಹಾಳೆಯನ್ನು ವಾಪಸು ನನ್ನ ಕೈಗೇ ಇಟ್ಟ.

"ಇದರಾಗ ನನ್ನ ಹೆಸರು ಹಾಕ್ರಿ ಅಣ್ಣಾರ. ನಾಳೆ ಆ ಡಬ್ಬಿಯೊಳಗಿನ ಹಳೇ ಡ್ರೈವರ್ ಇದ ಚೀಟಿ ಹಿಡಕೊಂಡು ಬಂದು ನನ್ನ ಜೀಪಿನ್ಯಾಗ ಕುಂತ್ರ, ನಾ ಯಾರಿಗೆ ಹೇಳ್ಲಿ?"